ತೂಕ ಇಳಿಸಬೇಕಾ? ತಿಂಗಳಿಗೆ 2 ಕೆಜಿ ಸಾಕು, ಹೆಸರಿಲ್ಲದ ಪುಡಿ ಬೇಡ

ಬೆಳಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತರವರೆಗೂ ಗಲ್ಲಾದ ಮುಂದೆ ಕೂತೇ ಇರೋದು. ನಡುವೆ ನಾಲ್ಕೈದು ಟೀ, ಸಂಜೆ ಬಜ್ಜಿ, ಅಂಗಡಿ ಮುಚ್ಚಿ ಮನೆಗೆ ಹೋಗಿ ಹೊಟ್ಟೆ ತುಂಬ ಊಟ, ಕೂಡಲೇ ನಿದ್ದೆ. ಅನೇಕ ವ್ಯಾಪಾರಿಗಳ ದಿನಚರಿ ಇದೇ. ಹೊಟ್ಟೆ ಮುಂದೆ ಬಂದಾಗ ಮೊಬೈಲ್‌ನಲ್ಲಿ ಕಣ್ಣಿಗೆ ಬೀಳೋದು '15 ದಿನದಲ್ಲಿ 10 ಕೆಜಿ' ಅನ್ನುವ ಜಾಹೀರಾತು. ಅದಕ್ಕೆ ದುಡ್ಡು ಸುರಿಯುವ ಮೊದಲು ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಎಷ್ಟಿದ್ದರೆ ಹೆಚ್ಚು?

ಕೆಜಿಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬಿಎಂಐ ಸಿಗುತ್ತದೆ. ಭಾರತೀಯರಿಗೆ 23 ದಾಟಿದರೆ ಹೆಚ್ಚುವರಿ ತೂಕ, 25 ದಾಟಿದರೆ ಬೊಜ್ಜು. 165 ಸೆಂ.ಮೀ. ಎತ್ತರದವರಿಗೆ ಈ ಗಡಿಗಳು ಸುಮಾರು 63 ಮತ್ತು 68 ಕೆಜಿ. ಸೊಂಟದ ಸುತ್ತಳತೆಯನ್ನೂ ನೋಡಬೇಕು. ಟೈಲರ್ ಟೇಪ್ ಹಿಡಿದು ಅಳೆದಾಗ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಶುಗರ್, ಹೃದಯದ ಕಾಯಿಲೆಯ ಅಪಾಯ ಹೆಚ್ಚು.

ಎಷ್ಟು ವೇಗ ಸರಿ?

ವಾರಕ್ಕೆ ಅರ್ಧ ಕೆಜಿ ಇಳಿದರೆ ಒಳ್ಳೆಯದು, ಒಂದು ಕೆಜಿ ಮೀರದಿರಲಿ. ಉಪವಾಸ ಬಿದ್ದು ಗಡಿಬಿಡಿಯಲ್ಲಿ ಇಳಿಸಿದರೆ ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗಬಹುದು, ಬಿಟ್ಟ ಮೇಲೆ ತೂಕ ವಾಪಸ್ ಬರುತ್ತದೆ. 80 ಕೆಜಿ ಇರುವವರು 4 ಕೆಜಿ ಇಳಿಸಿದರೂ ಬಿಪಿ, ಶುಗರ್ ಮೇಲೆ ಒಳ್ಳೆಯ ಪರಿಣಾಮ ಕಾಣಬಹುದು.

ಎಲ್ಲಿಂದ ಶುರು ಮಾಡೋದು?

* ಸಕ್ಕರೆ: ಲೋಟಕ್ಕೆ ಎರಡು ಚಮಚದಂತೆ ಐದು ಟೀ ಅಂದರೆ 40ರಿಂದ 50 ಗ್ರಾಂ ಸಕ್ಕರೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಟೀ ಎರಡಕ್ಕೆ ಇಳಿಸಿ, ಸಕ್ಕರೆ ಅರ್ಧ ಮಾಡಿ. ಬೆಲ್ಲ, ಜೇನುತುಪ್ಪಕ್ಕೂ ಇದೇ ಲೆಕ್ಕ. ಜೇನು-ನಿಂಬೆ ನೀರು ಕೊಬ್ಬು ಕರಗಿಸೋದಿಲ್ಲ.
* ಎಣ್ಣೆ: ಕೂತು ಕೆಲಸ ಮಾಡುವವರಿಗೆ ದಿನಕ್ಕೆ ಸುಮಾರು ಐದು ಟೀ ಚಮಚ ಸಾಕು, ತುಪ್ಪವೂ ಸೇರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು 3 ಲೀಟರ್. ಸಾಮಾನಿನ ಚೀಟಿಯಲ್ಲಿ ಐದು ಲೀಟರ್ ಇದ್ದರೆ ಯೋಚಿಸಬೇಕು.
* ಮುದ್ದೆ, ಅನ್ನ: ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ರಾಗಿಯಲ್ಲಿ ನಾರಿನಂಶ ಜಾಸ್ತಿ, ಹಸಿವು ತಡವಾಗುತ್ತದೆ. ಎರಡು ಮುದ್ದೆಯ ಮೇಲೆ ಅನ್ನವನ್ನೂ ಉಂಡರೆ ಲಾಭ ಇಲ್ಲ. ಪ್ರಮಾಣ ಕಡಿಮೆ ಮಾಡಿ ಆ ಜಾಗಕ್ಕೆ ಸೊಪ್ಪು, ಮೊಳಕೆ ಕಾಳು, ಕೋಸಂಬರಿ, ಮಜ್ಜಿಗೆ ತುಂಬಿ.
* ನಡಿಗೆ: ವಾರಕ್ಕೆ 150 ನಿಮಿಷ ಬಿರುಸು ನಡಿಗೆ. ಒಟ್ಟಿಗೆ ಅರ್ಧ ಗಂಟೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ಗಂಟೆಗೊಮ್ಮೆ ಗಲ್ಲಾ ಬಿಟ್ಟು ಎದ್ದು ಓಡಾಡಿ.

ಪುಡಿ, ಮಾತ್ರೆಯ ಅಪಾಯ

ಹೃದಯಾಘಾತ, ಪಾರ್ಶ್ವವಾಯುವಿನ ಭಯದಿಂದ ಸಿಬುಟ್ರಮಿನ್ ಎಂಬ ಔಷಧವನ್ನು ಭಾರತ 2011ರಲ್ಲಿ ನಿಷೇಧಿಸಿದೆ. 'ಪೂರ್ತಿ ನೈಸರ್ಗಿಕ' ಎಂದು ಮಾರುವ ತೂಕ ಇಳಿಸುವ ಪದಾರ್ಥಗಳಲ್ಲಿ ಅದನ್ನೇ ಗುಟ್ಟಾಗಿ ಬೆರೆಸಿರುವುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಪಾಸಣೆಯಲ್ಲಿ ಪದೇ ಪದೇ ಸಿಕ್ಕಿದೆ. ಕುಡಿದ ಮೇಲೆ ಎದೆ ಬಡಿತ ಹೆಚ್ಚಾದರೆ, ನಿದ್ದೆ ಬಾರದಿದ್ದರೆ ತಕ್ಷಣ ನಿಲ್ಲಿಸಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ. ಈಗ ಸುದ್ದಿಯಲ್ಲಿರುವ ತೂಕದ ಇಂಜೆಕ್ಷನ್‌ಗಳನ್ನೂ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳುವಂತಿಲ್ಲ.

ಇವರು ಮೊದಲು ವೈದ್ಯರನ್ನು ಕಾಣಬೇಕು

ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಏಕಿ ಊಟ ಬಿಟ್ಟರೆ ಸಕ್ಕರೆ ಅಂಶ ಕುಸಿದು ಬೆವರು, ನಡುಕ ಬಂದು ಪ್ರಜ್ಞೆ ತಪ್ಪಬಹುದು. ಹಾಗಂತ ತಾವಾಗಿಯೇ ಮಾತ್ರೆ ನಿಲ್ಲಿಸೋದೂ ತಪ್ಪು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಕೇಳಿಯೇ ಶುರು ಮಾಡಲಿ. ಗರ್ಭಿಣಿಯರು ತೂಕ ಇಳಿಸಲು ಹೋಗಬಾರದು, ಎದೆಹಾಲು ಕುಡಿಸುವ ತಾಯಂದಿರು ಊಟ ಬಿಡಬಾರದು. ಪ್ರಯತ್ನ ಮಾಡದೇ ತೂಕ ಇಳಿಯುತ್ತಿದ್ದರೆ ಖುಷಿ ಪಡಬೇಡಿ. ಶುಗರ್, ಥೈರಾಯ್ಡ್, ಕ್ಷಯ ಇದೆಯೇ ಎಂದು ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ.

ಅಂಗಡಿಯವರಿಗೂ ಒಂದು ಮಾತು

ಬೊಜ್ಜು ಕರಗಿಸುವ ಔಷಧ ಎಂದು ಜಾಹೀರಾತು ಮಾಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ಅಪರಾಧ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಪದಾರ್ಥಗಳ ಪಟ್ಟಿ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇಲ್ಲದ ಪುಡಿಯನ್ನು, ಎಷ್ಟೇ ಕಮಿಷನ್ ಕೊಟ್ಟರೂ, ಅಂಗಡಿಯಲ್ಲಿ ಇಡದಿರುವುದೇ ಲೇಸು. ಆಹಾರ ಪರವಾನಗಿ ಇದ್ದ ಮಾತ್ರಕ್ಕೆ ಅದು ಔಷಧ ಆಗೋದಿಲ್ಲ ಅನ್ನೋದನ್ನು ಗಿರಾಕಿಗಳಿಗೂ ತಿಳಿಸಿ.