ಗುಪ್ತರೋಗದ ಫಲಕದಿಂದ ಲೇಸರ್ ಕ್ಲಿನಿಕ್‌ವರೆಗೆ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಿನ ಸುಮಾರು 20 ಕಿಲೋಮೀಟರ್ ದಾರಿಯುದ್ದಕ್ಕೂ ವಿದ್ಯಾನಗರ, ಉಣಕಲ್, ನವನಗರ, ಸತ್ತೂರು ಎಂದು ಹಬ್ಬಿರುವ ಬಡಾವಣೆಗಳಿಗೆ ತ್ವಚೆಯ ಅಂದ ಹೆಚ್ಚಿಸುವ ಕ್ಲಿನಿಕ್‌ಗಳು ಬಂದದ್ದು ಇತ್ತೀಚೆಗೆ. ಆದರೆ ಅವುಗಳ ಬಾಗಿಲಿಗೆ ಬಂದವರನ್ನು ಕಾಡುವ ಪ್ರಶ್ನೆ, ಅಂದರೆ ಚರ್ಮಕ್ಕೆ ಕೈಹಚ್ಚುವ ಅರ್ಹತೆ ಯಾರಿಗಿದೆ ಎಂಬುದು, ಈ ಸೀಮೆಯಲ್ಲಿ ಶತಮಾನಕ್ಕೂ ಹಳೆಯದು.

ಕಜ್ಜಿ, ಗಜಕರ್ಣ, ಇಸಬು, ಚಿಬ್ಬು, ಬಂಗು ಎಂಬ ಹೆಸರುಗಳೆಲ್ಲ ಜನರ ಬಾಯಲ್ಲೇ ಇದ್ದವು, ಅವಕ್ಕೆ ಮದ್ದೂ ಬಹುಮಟ್ಟಿಗೆ ಮನೆಯಲ್ಲೇ ಇತ್ತು. ಮದುವೆಯ ಸುರಗಿಯಲ್ಲಿ ವಧೂವರರಿಗೆ ಅರಿಷಿಣ ಹಚ್ಚಿ ನೀರೆರೆಯುವ ಪದ್ಧತಿಯಲ್ಲಿ ಮಂಗಳದ ಜೊತೆಗೆ ಮೈಕಾಂತಿಯ ಆಸೆಯೂ ಬೆರೆತಿತ್ತು. ತೊನ್ನಿನ ಸ್ಥಿತಿ ಮಾತ್ರ ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಬರುವ ಈ ಬಿಳಿ ಮಚ್ಚೆ ನೋಯಿಸುವುದಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಆದರೂ ಅದನ್ನು ಕುಷ್ಠದೊಂದಿಗೆ ಗುರುತಿಸಿದ ಸಮಾಜ ಎಷ್ಟೋ ಹೆಣ್ಣುಮಕ್ಕಳ ಮದುವೆಯನ್ನು ಮುರಿದಿದೆ, ಇದಕ್ಕಿಂತ ದೊಡ್ಡ ಅನ್ಯಾಯ ಚರ್ಮರೋಗಗಳ ಚರಿತ್ರೆಯಲ್ಲಿ ವಿರಳ. ಆಯುರ್ವೇದದ ವೈದ್ಯರು ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ, ಎಳೆಬಿಸಿಲಿಗೆ ಮೈಯೊಡ್ಡಲು ಹೇಳುತ್ತಿದ್ದರು. ಆ ಬೀಜದಲ್ಲಿರುವ ಸೊರಾಲೆನ್ ಎಂಬ ಅಂಶ ಚರ್ಮವನ್ನು ಸೂರ್ಯನ ಅತಿನೇರಳೆ ಕಿರಣಗಳಿಗೆ ಸೂಕ್ಷ್ಮಗೊಳಿಸುತ್ತದೆ ಎಂಬುದನ್ನು ಆಧುನಿಕ ವೈದ್ಯಕೀಯ ಕಂಡುಕೊಂಡಿತು, ಅದೇ ತತ್ತ್ವದ ಮೇಲೆ ಔಷಧಿ ಮತ್ತು ಕಿರಣದ ಜೋಡಿ ಚಿಕಿತ್ಸೆ 1970ರ ದಶಕದಲ್ಲಿ ರೂಪುಗೊಂಡಿತು. ಪ್ರಮಾಣ ತಪ್ಪಿದರೆ ಬೊಬ್ಬೆಯೇಳುವ ಅಪಾಯ ಎರಡಕ್ಕೂ ಒಂದೇ, ಆದ್ದರಿಂದ ಅಳೆದು ಕೊಡಬಲ್ಲವರ ಪರಿಣತಿ ಅಂದೂ ಬೇಕಿತ್ತು, ಇಂದೂ ಬೇಕು.

ಆ ಪರಿಣತಿಯನ್ನು ಗುರುತಿಸುವ ಹೊಣೆ ಸರ್ಕಾರದ ಮೇಲೆ ಬಂದದ್ದು ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ. 1912ರ ಮುಂಬಯಿ ವೈದ್ಯಕೀಯ ಕಾಯ್ದೆ ಪಾಶ್ಚಾತ್ಯ ಪದ್ಧತಿಯ ವೈದ್ಯರಿಗೆ ನೋಂದಣಿ ಪುಸ್ತಕವನ್ನು ತೆರೆಯಿತು, 1938ರ ಕಾಯ್ದೆ ದೇಶೀಯ ಪದ್ಧತಿಗಳ ವೈದ್ಯರನ್ನೂ ನೋಂದಣಿಗೆ ಒಳಪಡಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷವೇ ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಆರಂಭವಾಯಿತು. ಮುಂದೆ ಕಿಮ್ಸ್ ಎಂದು ಹೆಸರಾದ ಈ ಸಂಸ್ಥೆಯಿಂದಾಗಿ ಉತ್ತರ ಕರ್ನಾಟಕದ ಬಡವರಿಗೂ ಚರ್ಮತಜ್ಞರನ್ನು ಕಾಣುವ ದಾರಿಯಾಯಿತು. ಈ ಶಾಖೆಯ ಸ್ನಾತಕೋತ್ತರ ಪದವಿಯಲ್ಲಿ ಚರ್ಮರೋಗ, ಲೈಂಗಿಕ ರೋಗ, ಕುಷ್ಠರೋಗ ಮೂರೂ ಸೇರಿರುವುದರಿಂದ ಖಾಸಗಿ ದವಾಖಾನೆಗಳ ಫಲಕದಲ್ಲಿ ‘ಚರ್ಮರೋಗ ಮತ್ತು ಗುಪ್ತರೋಗ ತಜ್ಞರು’ ಎಂದು ಬರೆಸುವ ರೂಢಿ ಬೆಳೆಯಿತು, ಆ ಫಲಕದ ಕೆಳಗೆ ನಿಂತರೆ ಕಂಡವರು ಏನೆಂದುಕೊಂಡಾರೋ ಎಂಬ ಅಳುಕೂ ಅದರ ಜೊತೆಗೇ ಬೆಳೆಯಿತು. ಮೊಡವೆಗೋ ಬಂಗಿಗೋ ತಜ್ಞರ ಬಳಿ ಹೋಗಬೇಕಾದವರು ಔಷಧದಂಗಡಿಯಲ್ಲೇ ನಿಲ್ಲುವುದಕ್ಕೆ ಈ ಅಳುಕೂ ಒಂದು ಕಾರಣವಾಗಿದ್ದಿರಬೇಕು.

ಅದರ ಪರಿಣಾಮ ಘೋರವಾಯಿತು. ಬಿಳುಪನ್ನೇ ಚೆಲುವೆಂದು ಸಾರಿದ ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದು ಹುಟ್ಟಿಸಿದ ಆಸೆಯನ್ನು ಮುಂದೆ ಬೇರೊಂದು ಬಗೆಯ ಮುಲಾಮುಗಳು ಬಳಸಿಕೊಂಡವು: ತುರಿಕೆ ಮತ್ತು ಉರಿಯೂತವನ್ನು ತಗ್ಗಿಸಲು ಅಲ್ಪಕಾಲ ಹಚ್ಚಬೇಕಾದ ಸ್ಟೆರಾಯ್ಡ್‌ಗಳನ್ನು ಜನ ವೈದ್ಯರ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರು. ಮೊದಲು ತಿಳಿಯಾಗಿ ಹೊಳೆದ ಮುಖ ಕ್ರಮೇಣ ತೆಳುವಾಗಿ, ಕೆಂಪೇರಿ, ಮೊಡವೆಯೂ ಕೂದಲೂ ಮೂಡಿ, ಹಚ್ಚುವುದನ್ನು ಬಿಟ್ಟೊಡನೆ ಉರಿಯುವುದರಿಂದ ಬಿಡುವುದೇ ಕಷ್ಟವಾಗುತ್ತದೆ. ಚರ್ಮತಜ್ಞರ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್‌ಗಳನ್ನು ಚೀಟಿಯಿಲ್ಲದೆ ಮಾರಕೂಡದ ಔಷಧಿಗಳ ಪಟ್ಟಿಗೆ ಸೇರಿಸಿತು. ಆದೇಶ ಬರುವುದು ತೀರ ತಡವಾಯಿತು.

ಲೇಸರ್‌ನ ಆಗಮನದಿಂದ ಅರ್ಹರ ಆಯ್ಕೆ ಇನ್ನೂ ಕಠಿಣವಾಯಿತು. ಒಂದೇ ತರಂಗಾಂತರದ ಬೆಳಕನ್ನು ಕಿರುಕ್ಷಣ ಹಾಯಿಸಿ, ಸುತ್ತಲಿನ ಚರ್ಮ ಸುಡದಂತೆ ಬೇಕಾದ ಗುರಿಯನ್ನಷ್ಟೇ ಕಾಯಿಸಬಹುದೆಂಬ ಸಿದ್ಧಾಂತ 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಹಚ್ಚೆಯನ್ನೂ ಬೇಡದ ಕೂದಲನ್ನೂ ತೆಗೆಯುವ ಯಂತ್ರಗಳು ಈ ತತ್ತ್ವವನ್ನೇ ನೆಚ್ಚಿವೆ. ಆದರೆ ಈ ನಾಡಿನ ಕಂದು ಮೈಯಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಾಗಿರುವುದರಿಂದ ಅದು ಕೂಡ ಬೆಳಕನ್ನು ಹೀರಿ ಸುಡಬಹುದು, ಸುಟ್ಟಲ್ಲಿ ಕಪ್ಪು ಕಲೆ ಬಹುಕಾಲ ಉಳಿಯಬಹುದು; 1064 ನ್ಯಾನೊಮೀಟರ್‌ನಂಥ ಉದ್ದ ತರಂಗಾಂತರ ಇಂಥ ಚರ್ಮಕ್ಕೆ ಹೆಚ್ಚು ಸುರಕ್ಷಿತವೆಂಬ ವಿವೇಚನೆ, ಶಕ್ತಿಯನ್ನು ಎಷ್ಟಕ್ಕೆ ಇಳಿಸಬೇಕೆಂಬ ಅಂದಾಜು ಯಂತ್ರ ನಡೆಸುವವರಲ್ಲಿ ಇರಲೇಬೇಕು.

ಪಾಲಿಕೆಯ ವ್ಯಾಪಾರ ಪರವಾನಗಿಯ ಮೇಲೆ ನಡೆಯುವ ಬ್ಯೂಟಿ ಪಾರ್ಲರ್ ಮತ್ತು ವೈದ್ಯರ ಕ್ಲಿನಿಕ್ ಒಂದೇ ಬೀದಿಯಲ್ಲಿ ಒಂದೇ ಬಗೆಯ ಗಾಜಿನ ಬಾಗಿಲು ಇಟ್ಟುಕೊಂಡಿರುವಾಗ ಎರಡರ ವ್ಯತ್ಯಾಸ ಹೊರಗಿನವರಿಗೆ ತಿಳಿಯುವುದಿಲ್ಲ. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಪ್ರತಿ ಕ್ಲಿನಿಕ್ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. 2024ರಲ್ಲಿ ಆರೋಗ್ಯ ಇಲಾಖೆ ನೋಂದಣಿ ಸಂಖ್ಯೆಯನ್ನು ಫಲಕದಲ್ಲಿ ಬರೆಸಬೇಕೆಂದೂ, ಅಲೋಪತಿಯ ಫಲಕ ನೀಲಿ, ಆಯುರ್ವೇದದ ಫಲಕ ಹಸಿರು ಇರಬೇಕೆಂದೂ ಸೂಚಿಸಿತು. ಒಳಗಿರುವ ವೈದ್ಯರ ಪದವಿ ಚರ್ಮಶಾಸ್ತ್ರದ್ದೇ ಎಂಬುದನ್ನು ಫಲಕದ ಬಣ್ಣ ಹೇಳಲಾರದು. ಅದನ್ನು ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲೇ ನೋಡಬೇಕು.