ಗಡಿಗೆಯಿಂದ ಫ್ರಿಜ್ಜಿಗೆ: ನಮ್ಮ ಗಡಿನಾಡಿನ ತಂಪಿನ ಲೆಕ್ಕ



ಬೇಸಿಗೆಯಲ್ಲಿ ರಾಯದುರ್ಗದ ಬಂಡೆಗಳು ರಾತ್ರಿ ಹತ್ತಾದರೂ ತಣ್ಣಗಾಗುವುದಿಲ್ಲ. ಮಡಕಶಿರದ ಕಡೆಯೂ ಬಿಸಿಲಿಗೆ ಬರವಿಲ್ಲ. ಇಂಥ ಸೀಮೆಯಲ್ಲಿ ನಮ್ಮ ಹಿರಿಯರು ತಂಪನ್ನು ಹೇಗೆ ಪಡೆದರು? ಅದೇ ತಂಪಿಗೆ ಇಂದು ನಾವು ಎಷ್ಟು ಹಣ ತೆರುತ್ತಿದ್ದೇವೆ? ಇದೂ ಒಂದು ಇತಿಹಾಸವೇ!

ಅಜ್ಜಿಯರ ಕಾಲದಲ್ಲಿ ಮರಳ ಮೇಲೆ ಮಣ್ಣಿನ ಗಡಿಗೆ, ನೆಲುವಿನಲ್ಲಿ ಹಾಲು ಮೊಸರು. ಗಡಿಗೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು. ಮಳೆ ಕಡಿಮೆಯಿರುವ ನಮ್ಮ ಒಣಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಖರ್ಚು? ಒಂದು ಗಡಿಗೆಯ ಬೆಲೆ, ಅಷ್ಟೇ.

ಮಂಜುಗಡ್ಡೆಯ ಕಥೆ ಬೇರೆ. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಹಡಗಿನಲ್ಲಿ ಮಂಜುಗಡ್ಡೆ ಕಲ್ಕತ್ತೆಗೆ ಬಂತು. ಮುಂದೆ ಮದ್ರಾಸಿನ ಕಡಲತೀರದಲ್ಲೂ ಅದನ್ನಿಡಲು ಐಸ್ ಹೌಸ್ ಕಟ್ಟಿದರು. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದು ಅದೇ ಕಟ್ಟಡದಲ್ಲಿ. ರಾಯದುರ್ಗ, ಮಡಕಶಿರ ಎರಡೂ ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದರೂ ಆ ತಂಪು ಪಟ್ಟಣದ ಸಿರಿವಂತರಿಗೆ. ನಮಗೆ ಗಡಿಗೆಯೇ ಗತಿ.

1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳು ಬದಲಾಗುತ್ತಿದ್ದಂತೆ ಕರೆಂಟೂ ಮನೆಮನೆಗೆ ಬಂತು. 1958ರಲ್ಲಿ ಗೋದ್ರೆಜ್ ಕಂಪನಿ ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿತು. ಅಂದು ಶ್ರೀಮಂತರ ಗುರುತಾಗಿದ್ದ ಪೆಟ್ಟಿಗೆ ಇಂದು ಕೂಲಿಯವರ ಮನೆಯಲ್ಲೂ ಇದೆ. ಸಂತೋಷವೇ. ಆದರೆ ಕೊಂಡ ದಿನದ ಬೆಲೆಯನ್ನು ಮಾತ್ರ ನೋಡಿ, ತಿಂಗಳ ಬಿಲ್ಲನ್ನು ಮರೆಯುತ್ತೇವೆ.

ನಾವೂ ಮೋಸಹೋದೆವು. ಅಗ್ಗವೆಂದು 3500 ರೂಪಾಯಿಗೆ ಹಳೆಯ ಫ್ರಿಜ್ ತಂದೆವು. ಒಮ್ಮೆ ಎರಡು ದಿನ ಮದುವೆಗೆ ಹೋಗುವಾಗ ಫ್ರಿಜ್ ಬಿಟ್ಟು ಉಳಿದೆಲ್ಲ ಸ್ವಿಚ್ ಆರಿಸಿ, ಮೀಟರ್ ಬರೆದಿಟ್ಟುಕೊಂಡೆವು. ಬಂದು ನೋಡಿದರೆ 4 ಯೂನಿಟ್ ಓಡಿತ್ತು! ದಿನಕ್ಕೆ 2, ವರ್ಷಕ್ಕೆ 730. ಅಂಗಡಿಯಲ್ಲಿದ್ದ ಅಷ್ಟೇ ದೊಡ್ಡ ಹೊಸ ಫ್ರಿಜ್ಜಿನ ಚೀಟಿಯಲ್ಲಿ ವರ್ಷಕ್ಕೆ 180 ಎಂದಿತ್ತು. ವ್ಯತ್ಯಾಸ 550 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 3300 ರೂಪಾಯಿ. ಅಗ್ಗದ ಫ್ರಿಜ್ ಪ್ರತಿ ವರ್ಷ ತನ್ನ ಬೆಲೆಯನ್ನು ಮತ್ತೆ ವಸೂಲಿ ಮಾಡುತ್ತಿತ್ತು!

ಆ ಚೀಟಿಯೇ ನಕ್ಷತ್ರದ ಗುರುತು. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2006ರಲ್ಲಿ ಇದನ್ನು ಆರಂಭಿಸಿತು. 2010ರಿಂದ ಫ್ರಾಸ್ಟ್ ಫ್ರೀ ಫ್ರಿಜ್ಜುಗಳಿಗೆ ಕಡ್ಡಾಯವಾಯಿತು. ಆಗಾಗ ಅಳತೆಗೋಲನ್ನು ಬಿಗಿ ಮಾಡುತ್ತಾರೆ. ಆದ್ದರಿಂದ ಹಳೆಯ ಐದು ನಕ್ಷತ್ರ ಇಂದಿನ ಐದಕ್ಕೆ ಸಮವಲ್ಲ. ನಕ್ಷತ್ರ ಎಣಿಸಿದರೆ ಸಾಲದು, ವರ್ಷದ ಯೂನಿಟ್ ಓದಬೇಕು. ಚೀಟಿಯ ಅಂಕಿ ಪ್ರಯೋಗಾಲಯದ್ದು. ನಮ್ಮ ಸೆಕೆಗೆ ಮನೆಯಲ್ಲಿ ಸ್ವಲ್ಪ ಹೆಚ್ಚೇ ಓಡೀತು.

ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಸಾಗಿಸುವ ಯಂತ್ರ. ಅದನ್ನು ಗೋಡೆಗೆ ಒತ್ತಿಟ್ಟರೆ, ಒಲೆಯ ಪಕ್ಕ ಇಟ್ಟರೆ, ಬಿಸಿ ಸಾರು ಹಾಗೇ ಒಳಗಿಟ್ಟರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಬಾಗಿಲಿನ ರಬ್ಬರ್ ಸಡಿಲವಾದರೂ ಅಷ್ಟೇ. ಕುಡಿಯುವ ನೀರಿಗೆ ಇಂದಿಗೂ ಗಡಿಗೆ ಸಾಕಲ್ಲವೇ?

ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಫ್ರಿಜ್ಜಿನ ಚೀಟಿಯಲ್ಲಿ ಇಂಗ್ಲಿಷ್. ಆದರೆ ಅಂಕಿಗಳು ಎಲ್ಲ ಕಡೆ ಒಂದೇ. ಶಿಕ್ಷಕ ಮಿತ್ರರೇ, ಗುಣಾಕಾರ ಕಲಿಸುವ ದಿನ ಮಕ್ಕಳಿಂದ ಮನೆಯ ಕರೆಂಟು ಬಿಲ್ಲು ತರಿಸಿ. ಕೂಲಿಯ ದುಡ್ಡು ಎಲ್ಲಿ ಸೋರುತ್ತಿದೆ ಎಂಬುದನ್ನು ಅವರೇ ಅಪ್ಪ ಅಮ್ಮನಿಗೆ ಹೇಳಲಿ.