ನಕ್ಕವಾಗುವಿನ ನಾಡಿ

ಬೀದರ ಜಿಲ್ಲೆಯ ಹೊಲಗಳ ನಡುವೆ ಹಾದು ತೆಲಂಗಾಣಕ್ಕೆ ಇಳಿಯುವ ಮಾಂಜ್ರಾ ನದಿ ಕನ್ನಡಿಗರಿಗೆ ಹೊಸದಲ್ಲ. 1965ರಿಂದ ಅದರ ನೀರು ಹೈದರಾಬಾದಿನ ನಲ್ಲಿಗಳಿಗೂ ಹೋಗುತ್ತಿದೆ. ಗಡಿಯಾಚೆ ಈ ನದಿಯನ್ನು ಸೇರುವ ಚಿಕ್ಕ ಹಳ್ಳವೊಂದರ ಹೆಸರು ನಕ್ಕವಾಗು. ತೆಲುಗಿನಲ್ಲಿ ನಕ್ಕ ಎಂದರೆ ನರಿ, ವಾಗು ಎಂದರೆ ಹಳ್ಳ. ನಮ್ಮ ಕಡೆ ಇದ್ದಿದ್ದರೆ ನರಿಹಳ್ಳ ಎನಿಸಿಕೊಳ್ಳುತ್ತಿತ್ತು. ಒಂದು ಹಳ್ಳ ಆರೋಗ್ಯವಾಗಿದೆಯೇ ಎಂದು ತಿಳಿಯುವುದು ಹೇಗೆ ಎಂಬ ನೂರು ವರ್ಷದ ಪ್ರಶ್ನೆ ಈ ಸಣ್ಣ ಹಳ್ಳದಲ್ಲಿ ಬಂದು ಎಡವಿತು.

ಈ ಪ್ರಶ್ನೆಗೆ ಯುರೋಪು ಎರಡು ಉತ್ತರ ಕೊಟ್ಟಿತ್ತು. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908–09ರಲ್ಲಿ ಒಂದು ಪಟ್ಟಿ ಮಾಡಿದರು. ಯಾವ ಪಾಚಿ, ಯಾವ ಹುಳು ತಿಳಿನೀರಿನಲ್ಲಿ ಬಾಳುತ್ತದೆ, ಯಾವುದು ಕೊಳೆನೀರಿನಲ್ಲೂ ಬದುಕುತ್ತದೆ ಎಂಬುದು ಅದರಲ್ಲಿತ್ತು. ಹಳ್ಳದ ಕಲ್ಲು ಎತ್ತಿ ಕೆಳಗೆ ಯಾರಿದ್ದಾರೆ ಎಂದು ನೋಡುವ ಕ್ರಮ ಇದು. ಬ್ರಿಟನ್ನಿನ ರಾಯಲ್ ಕಮಿಷನ್ ಬೇರೆ ದಾರಿ ಹಿಡಿಯಿತು. 1912ರ ತನ್ನ ವರದಿಯಲ್ಲಿ ಅದು ಬಿಓಡಿ ಎಂಬ ಅಳತೆಗೆ ಮಿತಿ ಹಾಕಿತು. ನೀರನ್ನು ಬಾಟಲಿಯಲ್ಲಿ ಮುಚ್ಚಿ ಐದು ದಿನ ಇಟ್ಟು, ಒಳಗಿನ ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತ ಎಷ್ಟು ಆಮ್ಲಜನಕ ಬಳಸಿಕೊಂಡವು ಎಂದು ಲೆಕ್ಕ ಹಾಕುವುದು. ಕೊಳೆ ಹೆಚ್ಚಿದ್ದರೆ ಅಂಕಿ ಹೆಚ್ಚು.

ಅಂಕಿ ಇದ್ದರೆ ಕಾನೂನು ಬರೆಯುವುದು ಸುಲಭ. ಭಾರತ 1974ರಲ್ಲಿ ಜಲಮಾಲಿನ್ಯ ಕಾಯ್ದೆ ತಂದ ಮೇಲೆ ಇಲ್ಲಿಯೂ ಬಿಓಡಿ ನೆಲೆಯೂರಿತು. ನಮ್ಮ ಸೆಕೆಗೆ ತಕ್ಕಂತೆ ಪರೀಕ್ಷೆ 27 ಡಿಗ್ರಿಯಲ್ಲಿ ಮೂರು ದಿನಕ್ಕೆ ಇಳಿಯಿತು, ಅಷ್ಟೇ. ಜೊತೆಗೆ ರಾಸಾಯನಿಕದಿಂದಲೇ ಕೊಳೆಯ ಒಟ್ಟು ಮೊತ್ತ ಅಳೆಯುವ ಸಿಓಡಿ ಸೇರಿತು.

ಇತ್ತ ಹೈದರಾಬಾದು ದೇಶದ ಔಷಧ ಕಾರ್ಖಾನೆಯಾಗುತ್ತಿತ್ತು. ಸೋವಿಯತ್ ನೆರವಿನಿಂದ ಕಟ್ಟಿದ ಸರ್ಕಾರಿ ಔಷಧ ಕಂಪನಿ ಐಡಿಪಿಎಲ್‌ನ ಘಟಕ 1960ರ ದಶಕದಲ್ಲಿ ಇಲ್ಲಿಗೆ ಬಂತು. ಅದರ ಬೆನ್ನಿಗೆ ಖಾಸಗಿ ಕಾರ್ಖಾನೆಗಳು ಹುಟ್ಟಿದವು. ನಗರದ ವಾಯವ್ಯಕ್ಕಿರುವ ಪಟಾನ್‌ಚೆರು 1970ರ ದಶಕದಿಂದ ಕೈಗಾರಿಕಾ ಪ್ರದೇಶವಾಗಿ ಬೆಳೆಯಿತು. ಅಗ್ಗದ ಮಾತ್ರೆ ಲೋಕಕ್ಕೆಲ್ಲ ಹೋಯಿತು, ಉಳಿದದ್ದು ಹಳ್ಳಕ್ಕೆ ಬಂತು. ಅಕ್ಕಪಕ್ಕದ ಹಳ್ಳಿಗಳ ರೈತರಿಗೆ ಯಾವ ಬಾಟಲಿಯೂ ಬೇಕಿರಲಿಲ್ಲ. ಬಾವಿಯ ಬಣ್ಣ, ಹೊಲದ ಬೆಳೆ, ದನಗಳ ಮೈ ನೋಡಿ ಅವರಿಗೆ ತಿಳಿದಿತ್ತು. ದೂರು 1990ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ರೈತರಿಗೆ ಪರಿಹಾರ ಹಂಚಲಾಯಿತು. ಕಾರ್ಖಾನೆಗಳ ನೀರನ್ನು ಒಟ್ಟುಗೂಡಿಸಿ ತೊಳೆಯುವ ಸಾಮೂಹಿಕ ಘಟಕವೂ ಬಂತು. ಅಲ್ಲಿಂದ ಹೊರಟ ನೀರು ಇಸಕವಾಗು ಸೇರಿ, ನಕ್ಕವಾಗುವಿಗೆ ಹರಿದು, ಮಾಂಜ್ರಾ ಮುಟ್ಟುತ್ತಿತ್ತು.

ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಈ ಘಟಕದಿಂದ ಹೊರಬರುವ ನೀರಿನಲ್ಲಿ ಔಷಧಗಳನ್ನೇ ಹುಡುಕಿದರು. 2007ರಲ್ಲಿ ಬಂದ ಅವರ ವರದಿಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಈ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟು ಇರುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷವಾಗಲು ಸಾಕಾಗುವ ಪ್ರಮಾಣದ ಸಾವಿರ ಪಟ್ಟು ಮೀರಿದ್ದು ಅದು.

ಇಲ್ಲಿಯೇ ಹಳೆಯ ಅಳತೆಯ ತೊಡಕು ಬಯಲಾಗುತ್ತದೆ. ಬಿಓಡಿ ಪರೀಕ್ಷೆಯಲ್ಲಿ ಅಳೆಯುವ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಅವನ್ನೇ ಕೊಲ್ಲುವ ವಸ್ತು ನೀರಿನಲ್ಲಿದ್ದರೆ ತಿನ್ನುವವರಿಲ್ಲ, ಆಮ್ಲಜನಕವೂ ಖರ್ಚಾಗುವುದಿಲ್ಲ. ನೀರು ಎಷ್ಟು ಕೆಟ್ಟಿದೆಯೋ ಅಂಕಿ ಅಷ್ಟು ಚೆನ್ನಾಗಿ ಕಾಣುವ ಅಪಾಯವಿದೆ. ಸಿಓಡಿ ಈ ಮೋಸಕ್ಕೆ ಸಿಗುವುದಿಲ್ಲ ನಿಜ. ಆದರೆ ಅದು ಒಟ್ಟು ಮೊತ್ತ ಹೇಳುತ್ತದೆಯೇ ಹೊರತು ಅದರೊಳಗೆ ಬೆಲ್ಲವಿದೆಯೋ ಮದ್ದಿದೆಯೋ ಎಂದು ಹೇಳುವುದಿಲ್ಲ.

ಜೀವಿಗಳನ್ನು ಕೇಳಿದಾಗ ಉತ್ತರ ನೇರವಾಗಿತ್ತು. ಅದೇ ಗುಂಪಿನ 2009ರ ಅಧ್ಯಯನದಲ್ಲಿ ಆ ನೀರನ್ನು ಐನೂರು ಪಟ್ಟು ತೆಳುಮಾಡಿ ಗೊದಮೊಟ್ಟೆಗಳನ್ನು ಬಿಟ್ಟು ನೋಡಿದರು. ಬೆಳವಣಿಗೆ 40 ಶೇಕಡ ಕುಗ್ಗಿತು. 2011ರಲ್ಲಿ ಹಳ್ಳದ ಕೆಸರನ್ನು ಪರೀಕ್ಷಿಸಿದಾಗ ಔಷಧಕ್ಕೆ ಮಣಿಯದ ಗುಣ ಕೊಡುವ ಜೀನ್‌ಗಳು ದಂಡಿಯಾಗಿ ಸಿಕ್ಕವು. ಅಲ್ಲಿನ ಬ್ಯಾಕ್ಟೀರಿಯಾಗಳಲ್ಲಿ ಬಲಹೀನರು ಸತ್ತು, ಮದ್ದಿಗೆ ಬಗ್ಗದವರು ಉಳಿದಿದ್ದರು. ಅಂಥ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಹಾಗಾಗಿ ಹಳ್ಳದ ಕಾಯಿಲೆ ಹಳ್ಳದಲ್ಲೇ ನಿಲ್ಲುತ್ತದೆ ಎಂಬ ಭರವಸೆಯಿಲ್ಲ.

ಆಮೇಲೆ ಘಟಕದ ನೀರನ್ನು ಸುಮಾರು 18 ಕಿಲೋಮೀಟರ್ ಕೊಳವೆಯಲ್ಲಿ ನಗರದ ಚರಂಡಿ ಜಾಲಕ್ಕೆ ಸೇರಿಸಿ, ಮೂಸಿ ದಂಡೆಯ ಅಂಬರ್‌ಪೇಟೆಯ ಶುದ್ಧೀಕರಣ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆಯಾಯಿತು. ನಕ್ಕವಾಗುವಿನ ಭಾರ ಇಳಿಯಿತು. ಆದರೆ ಗೋದಾವರಿಯ ಕಡೆ ಹೋಗುತ್ತಿದ್ದ ನೀರು ಕೃಷ್ಣೆಯ ಕಡೆ ತಿರುಗಿತು.

2020ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಔಷಧ ಕಾರ್ಖಾನೆಗಳ ನೀರಿನಲ್ಲಿ ಆ್ಯಂಟಿಬಯೋಟಿಕ್ ಎಷ್ಟಿರಬಹುದು ಎಂದು ಮಿತಿ ಹಾಕುವ ಕರಡು ಪ್ರಕಟಿಸಿತು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಭಾಗ ಅದರಲ್ಲಿರಲಿಲ್ಲ. ಬಿಓಡಿ ಮತ್ತು ಸಿಓಡಿ ಇದ್ದವು. ನೀರಿನಲ್ಲಿ ಏನಿದೆ ಎಂದು ಪ್ರಯೋಗಾಲಯ ಹೇಳಬಲ್ಲದು, ಏನನ್ನು ಹುಡುಕಬೇಕೆಂದು ಹೇಳುವುದು ಪಟ್ಟಿ. ಗೊದಮೊಟ್ಟೆಗಳು ಕೊಟ್ಟ ಸಾಕ್ಷಿ ಇನ್ನೂ ಆ ಪಟ್ಟಿಗೆ ಏರಿಲ್ಲ.